ಎರಡಡಿ ಆಳದ ಗಿಡದ ಟ್ಯಾಂಕಿಗೆ ಕಡಿಮೆ ಕರೆಂಟಿನ ಬೆಳಕು: ಕರಾವಳಿ ಮತ್ತು ಘಟ್ಟದ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಶಿರಸಿ ಕಡೆಯ ಅಡಿಕೆ ತೋಟಕ್ಕೆ ಮಧ್ಯಾಹ್ನದ ಹೊತ್ತು ಇಳಿದವರಿಗೆ ಈ ನೋಟ ಗೊತ್ತು. ಮೇಲೆ ಸುಡು ಬಿಸಿಲು. ಅದರಲ್ಲಿ ಹೆಚ್ಚಿನದನ್ನು ಅಡಿಕೆ ಹೆಡೆಗಳೇ ಹಿಡಿದುಕೊಳ್ಳುತ್ತವೆ. ಮರಕ್ಕೆ ಹಬ್ಬಿದ ಕಾಳುಮೆಣಸಿಗೆ ಒಂದಿಷ್ಟು ಸಿಗುತ್ತದೆ. ಬುಡದಲ್ಲಿರುವ ಏಲಕ್ಕಿಗೆ ಬರುವುದು ಅಲ್ಲಲ್ಲಿ ಚೆಲ್ಲಿದ ಚುಕ್ಕೆ ಬಿಸಿಲು ಮಾತ್ರ. ಆದರೂ ಏಲಕ್ಕಿ ಹಸಿರಾಗಿರುತ್ತದೆ. ಆ ಮಬ್ಬು ಅದಕ್ಕೆ ಒಗ್ಗುತ್ತದೆ.

ಎರಡಡಿ, ಎರಡೂವರೆ ಅಡಿ ಆಳದ ಗಿಡದ ಅಕ್ವೇರಿಯಂ ಕೂಡ ಹೀಗೇ. ನೀರಿನ ಮೇಲ್ಗಡೆ ಒಂದು ಲೋಕ, ತಳದಲ್ಲಿ ಇನ್ನೊಂದು. ಇದನ್ನು ಮರೆತು "ಆಳ ಜಾಸ್ತಿ, ಹಾಗಾಗಿ ವಾಟ್ ಜಾಸ್ತಿ" ಎಂದು ದೀಪ ತಂದರೆ ಮೇಲ್ಗಡೆ ಪಾಚಿ ಬರುತ್ತದೆ, ತಳದಲ್ಲಿ ಎಲೆ ಕೊಳೆಯುತ್ತದೆ, ಮೀಟರ್ ಮಾತ್ರ ಜೋರಾಗಿ ಓಡುತ್ತದೆ.

ನನ್ನ ಕಾರವಾರದ ಮನೆಯ ಟ್ಯಾಂಕ್ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರ. ಮೊದಲ ವರ್ಷ ಅದರ ಮೇಲೆ 100 ವಾಟಿನ ಫ್ಲಡ್ ಲೈಟ್ ತೂಗುಹಾಕಿದ್ದೆ, ನೀರಿನಿಂದ ಎರಡಡಿ ಮೇಲಕ್ಕೆ. ಗೋಡೆ ಬೆಳಗುತ್ತಿತ್ತು, ನೆಲ ಬೆಳಗುತ್ತಿತ್ತು. ತಳದ ಕ್ರಿಪ್ಟೋಕೊರೈನ್ ಗಿಡ ಮಾತ್ರ ಸೊರಗುತ್ತಿತ್ತು. ಈಗ ಅದೇ ಟ್ಯಾಂಕಿಗೆ 44 ವಾಟ್ ಸಾಕಾಗಿದೆ, ಗಿಡಗಳೂ ಚೆನ್ನಾಗಿವೆ. ವ್ಯತ್ಯಾಸ ಬಂದದ್ದು ದುಬಾರಿ ದೀಪದಿಂದ ಅಲ್ಲ. ಹೊರಗೆ ಚೆಲ್ಲುತ್ತಿದ್ದ ಬೆಳಕನ್ನು ನೀರಿನೊಳಗೆ ಹಾಕಿದ್ದರಿಂದ. ಅದನ್ನೇ ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಹೆಜ್ಜೆ 1: ತಳದ ಗಿಡಕ್ಕೆ ಎಷ್ಟು ಬೇಕು ಎಂದು ಮೊದಲು ತೀರ್ಮಾನಿಸಿ

ದೀಪದ ಅಂಗಡಿಗೆ ಹೋಗುವ ಮೊದಲು ಗಿಡದ ಪಟ್ಟಿ ಬರೆಯಿರಿ. ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ಗಿಡಕ್ಕೆ ಬೇಕಾದ ಬೆಳಕನ್ನು ಅಳೆಯುವ ಲೆಕ್ಕಕ್ಕೆ ಪಾರ್ ಎನ್ನುತ್ತಾರೆ. 400ರಿಂದ 700 ನ್ಯಾನೋಮೀಟರ್‌ವರೆಗಿನ ಬೆಳಕಿನ ಕಣಗಳು ಒಂದು ಚದರ ಮೀಟರ್ ಜಾಗಕ್ಕೆ ಸೆಕೆಂಡಿಗೆ ಎಷ್ಟು ಬೀಳುತ್ತವೆ ಎಂಬ ಎಣಿಕೆ ಅದು. ಅಳತೆ ಮೈಕ್ರೋಮೋಲ್‌ನಲ್ಲಿ. ಡಬ್ಬದ ಮೇಲೆ ಬರೆಯುವ ಲುಮೆನ್ ನಮ್ಮ ಕಣ್ಣಿನ ಲೆಕ್ಕ. ನಮ್ಮ ಕಣ್ಣಿಗೆ ಹಸಿರು-ಹಳದಿ ಜಾಸ್ತಿ ಕಾಣುತ್ತದೆ, ಅದಕ್ಕೇ ಲುಮೆನ್ ಆ ಬಣ್ಣಕ್ಕೆ ಹೆಚ್ಚು ಅಂಕ ಕೊಡುತ್ತದೆ. ಆದರೂ ಬಿಳಿ ಎಲ್‌ಇಡಿಯ ಮಟ್ಟಿಗೆ ಲುಮೆನ್‌ನಿಂದ ಪಾರ್‌ಗೆ ಹೋಗುವ ದಾರಿ ಇದೆ, ಮುಂದೆ ಬರುತ್ತದೆ.

ತಳದಲ್ಲಿ 15ರಿಂದ 30 ಮೈಕ್ರೋಮೋಲ್ ಸಿಕ್ಕರೆ ಅನುಬಿಯಾಸ್, ಜಾವಾ ಫರ್ನ್, ಕ್ರಿಪ್ಟೋಕೊರೈನ್, ಲಗೆನಾಂಡ್ರಾ, ವ್ಯಾಲಿಸ್ನೇರಿಯಾ ಎಲ್ಲವೂ ಬದುಕುತ್ತವೆ. ನಿಧಾನ ಬೆಳೆಯುತ್ತವೆ, ಆದರೆ ಚೆನ್ನಾಗಿ ಬೆಳೆಯುತ್ತವೆ. 30ರಿಂದ 50 ಇದ್ದರೆ ರೊಟಾಲಾ ರೊಟಂಡಿಫೋಲಿಯಾ, ಹೈಗ್ರೋಫಿಲಾ, ಅಮೆಜಾನ್ ಸ್ವೋರ್ಡ್ ಇವೆಲ್ಲ ಖುಷಿಯಾಗಿರುತ್ತವೆ. ತಳಕ್ಕೆ ಚಾಪೆ ಹಾಸಿದ ಹಾಗೆ ಹಬ್ಬುವ ಸಣ್ಣೆಲೆ ಗಿಡ, ಕಡುಕೆಂಪು ರೊಟಾಲಾ ಮ್ಯಾಕ್ರಾಂಡ್ರಾ ಬೇಕೆಂದರೆ 60ರ ಮೇಲೆ ಹೋಗಬೇಕು. ಜೊತೆಗೆ ನೀರಿಗೆ ಸಿಒ2 (ಇಂಗಾಲದ ಡೈಆಕ್ಸೈಡ್) ಬಿಡುವ ಸಿಲಿಂಡರ್ ಬೇಕೇ ಬೇಕು.

ಸಿಒ2 ಇಲ್ಲದ ಟ್ಯಾಂಕಿಗೆ ಬೆಳಕು ಹೆಚ್ಚಿಸುವುದು ಒಲೆಗೆ ಉರಿ ಜಾಸ್ತಿ ಮಾಡಿದ ಹಾಗೆ. ಅನ್ನ ಬೇಗ ಆಗುವುದಿಲ್ಲ, ತಳ ಹಿಡಿಯುತ್ತದೆ. ಗಿಡ ಬಳಸಿಕೊಳ್ಳದ ಬೆಳಕನ್ನು ಪಾಚಿ ಬಳಸಿಕೊಳ್ಳುತ್ತದೆ. ಅದಕ್ಕೇ ನನ್ನ ಸಲಹೆ ನೇರ: ಸಿಒ2 ಇಲ್ಲ ಅಂದರೆ ತಳದಲ್ಲಿ 30 ಸಾಕು. ಸಿಒ2 ಇದೆ, ಗಿಡಗಳು ನಡುಮಟ್ಟದವು ಅಂದರೆ 40. ಎರಡಡಿ ಆಳಕ್ಕೆ ಅದಕ್ಕಿಂತ ಮೇಲೆ ಹೋಗುವ ಆಸೆ ಇದ್ದರೆ ಕರೆಂಟ್ ಬಿಲ್ಲನ್ನೂ ಗಿಡ ಕತ್ತರಿಸುವ ಕೆಲಸವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಘಟ್ಟದ ಹಳ್ಳಗಳಲ್ಲೇ ಕ್ರಿಪ್ಟೋಕೊರೈನ್, ಲಗೆನಾಂಡ್ರಾ ಬೆಳೆಯುತ್ತವೆ. ಮರದ ನೆರಳಲ್ಲಿ ಹರಿಯುವ ನೀರಿನ ಗಿಡಗಳಾದ್ದರಿಂದ ಆಳದ ಟ್ಯಾಂಕಿನ ತಳಕ್ಕೆ ಹೇಳಿ ಮಾಡಿಸಿದಂತಿವೆ. ಆದರೆ ಹಳ್ಳದಿಂದ ಕಿತ್ತು ತರಬೇಡಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗಿನಿಂದ ಕೀಳುವುದಂತೂ ಕಾನೂನಿಗೆ ವಿರುದ್ಧ. ಇದೇ ಜಾತಿಯ ಗಿಡಗಳು ಬೆಳೆಸಿ ಮಾರುವವರ ಹತ್ತಿರ ಸಿಗುತ್ತವೆ. ಒಂದು ಬುಡ ತಂದರೆ ಸಾಕು, ಅದೇ ಮರಿ ಹಾಕುತ್ತದೆ.

ಹೆಜ್ಜೆ 2: ಬೆಳಕು ಎಲ್ಲಿ ಸೋರುತ್ತದೆ ನೋಡಿ

ನೀರೇ ಬೆಳಕನ್ನು ಕುಡಿದುಬಿಡುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಸಮುದ್ರದ ಮಟ್ಟಿಗೆ ಅದು ಸರಿ. ಎರಡಡಿ ತಿಳಿನೀರಿನ ಮಟ್ಟಿಗೆ ಅಷ್ಟೇನಿಲ್ಲ. 60 ಸೆಂ.ಮೀ. ಶುದ್ಧ ನೀರು ದಾಟುವಾಗ ನೀಲಿ ಬೆಳಕು ನೂರಕ್ಕೆ ಒಂದು ಪಾಲೂ ಕಳೆದುಹೋಗುವುದಿಲ್ಲ. ಹಸಿರು ಮೂರು ಪಾಲಿನಷ್ಟು. 660 ನ್ಯಾನೋಮೀಟರಿನ ಕೆಂಪು ಮಾತ್ರ ಸುಮಾರು ಐದರಲ್ಲಿ ಒಂದು ಪಾಲು ಹೋಗುತ್ತದೆ.

ನೀರಿಗೆ ಬಣ್ಣ ಬಂದರೆ ಮಾತು ಬೇರೆ. ಕಾರವಾರದ ದಂಡೆಯುದ್ದಕ್ಕೂ ಕಾಡು ಬಾದಾಮಿ ಮರಗಳಿವೆ, ಅಲ್ವಾ? ಅದರ ಒಣ ಎಲೆಯನ್ನು ಮೀನಿನ ಆರೋಗ್ಯಕ್ಕೆಂದು ನೀರಿಗೆ ಹಾಕುವವರು ಬಹಳ. ಮೀನಿಗೆ ಅದು ಒಗ್ಗುತ್ತದೆ. ಆದರೆ ಚಹಾದ ಬಣ್ಣದ ಆ ನೀರು ನೀಲಿ ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹೊಸ ಮರದ ತುಂಡು ಹಾಕಿದರೂ ಹೀಗೇ. ಆಳದ ಟ್ಯಾಂಕಿನಲ್ಲಿ ಗಿಡ ಮುಖ್ಯ ಅಂದರೆ ಮರದ ತುಂಡನ್ನು ಚೆನ್ನಾಗಿ ನೆನೆಸಿ, ನೀರು ಬದಲಿಸಿ, ಬಣ್ಣ ಬಿಟ್ಟಮೇಲೆ ಹಾಕಿ. ಎಲೆ ಬೇಕೇ ಬೇಕೆಂದರೆ ಒಂದೇ ಒಂದು ಹಾಕಿ.

ಬೆಳಕು ನಿಜವಾಗಿ ಸೋರುವುದು ನೀರಿನ ಹೊರಗೆ. ದೀಪದಿಂದ ಬೆಳಕು ಕೊಡೆಯ ಹಾಗೆ ಅಗಲವಾಗುತ್ತಾ ಇಳಿಯುತ್ತದೆ. ಸಾಮಾನ್ಯ ಎಲ್‌ಇಡಿ ಪಟ್ಟಿಯ ಹರಡುವ ಕೋನ 120 ಡಿಗ್ರಿ. ಅದನ್ನು ನೀರಿನಿಂದ 30 ಸೆಂ.ಮೀ. ಮೇಲೆ ಕಟ್ಟಿದರೆ ನೀರನ್ನು ಮುಟ್ಟುವ ಹೊತ್ತಿಗೆ ಬೆಳಕು 104 ಸೆಂ.ಮೀ. ಅಗಲವಾಗಿರುತ್ತದೆ. ಟ್ಯಾಂಕಿನ ಅಗಲ 45 ಸೆಂ.ಮೀ. ಉಳಿದದ್ದೆಲ್ಲ ಗೋಡೆಗೆ, ನಮ್ಮ ಮುಖಕ್ಕೆ. ಅದೇ ಎತ್ತರಕ್ಕೆ 60 ಡಿಗ್ರಿ ಲೆನ್ಸ್ ಇರುವ ದೀಪ ಕಟ್ಟಿದರೆ ಬೆಳಕಿನ ಅಗಲ 35 ಸೆಂ.ಮೀ. ಮಾತ್ರ. ಹೆಚ್ಚುಕಡಿಮೆ ಪೂರ್ತಿ ನೀರಿಗೇ ಬೀಳುತ್ತದೆ.

ಇನ್ನು ನೀರಿನೊಳಗೆ ಹೊಕ್ಕ ಬೆಳಕಿನ ವಿಷಯ ತುಂಬಾ ಚೆಂದದ್ದು. ಗಾಳಿಯಿಂದ ನೀರಿಗೆ ಬರುವಾಗ ಬೆಳಕು ಒಳಕ್ಕೆ ಬಾಗುತ್ತದೆ. 60 ಡಿಗ್ರಿ ಓರೆಯಾಗಿ ಬಂದ ಕಿರಣ ನೀರಿನಲ್ಲಿ ಸುಮಾರು 40 ಡಿಗ್ರಿಗೆ ಇಳಿಯುತ್ತದೆ. ಆ ಕಿರಣ ಪಕ್ಕದ ಗಾಜಿಗೆ ಬಡಿದಾಗ ಹೊರಗೆ ದಾಟಲಾರದು, ಕನ್ನಡಿಗೆ ಬಡಿದ ಹಾಗೆ ಒಳಕ್ಕೇ ಮರಳುತ್ತದೆ. ಅಂದರೆ ಒಮ್ಮೆ ನೀರಿನೊಳಗೆ ಸರಿಯಾಗಿ ಹೊಕ್ಕ ಬೆಳಕನ್ನು ಟ್ಯಾಂಕಿನ ಗಾಜೇ ತಳದವರೆಗೆ ಹಿಡಿದು ಒಯ್ಯುತ್ತದೆ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗವಾಗುತ್ತದೆ ಎಂಬ ಶಾಲೆಯ ಪಾಠ ಟ್ಯಾಂಕಿನೊಳಗೆ ಪೂರ್ತಿ ಅನ್ವಯಿಸದೇ ಇರುವುದು ಇದಕ್ಕೇ.

ಇದರಿಂದ ಎರಡು ಕೆಲಸ ತಿಳಿಯುತ್ತದೆ. ಒಂದು, ದೀಪ ನೀರಿಗೆ ಹತ್ತಿರ ಇರಲಿ. ಎರಡು, ನಾಲ್ಕೂ ಗಾಜಿನ ಒಳಮೈ ಶುಚಿಯಾಗಿರಲಿ. ಹಿಂದಿನ ಗಾಜಿನ ಪಾಚಿ ಹೇಗೂ ಕಾಣುವುದಿಲ್ಲ ಎಂದು ಬಿಡುತ್ತೇವೆ. ಆ ಪಾಚಿ ಬೆಳಕನ್ನು ಒಳಕ್ಕೆ ಮರಳಿಸುವ ಬದಲು ತಾನೇ ಕುಡಿಯುತ್ತದೆ. ಹಿಂದಿನ ಗಾಜಿಗೆ ಒಳಗಿನಿಂದ ಕಪ್ಪು ಹಾಳೆ ಅಂಟಿಸಿದರೂ ಅದೇ ನಷ್ಟ. ಕಪ್ಪು ಹಿನ್ನೆಲೆ ಬೇಕಾದರೆ ಹೊರಗಿನಿಂದ, ಗಾಜಿಗೆ ಅಂಟದಂತೆ, ಸಣ್ಣ ಗಾಳಿಯ ಸಂದು ಬಿಟ್ಟು ನಿಲ್ಲಿಸಿ.

ಮೇಲಿನ ಮುಚ್ಚಳದ ಗಾಜನ್ನೂ ಮರೆಯಬೇಡಿ. ಶುಚಿಯಾದ ಗಾಜು ದಾಟುವಾಗಲೇ ನೂರಕ್ಕೆ ಎಂಟು-ಹತ್ತು ಪಾಲು ಹೋಗುತ್ತದೆ. ಅದರ ಮೇಲೆ ಧೂಳು, ಕೆಳಗೆ ನೀರಿನ ಬಿಳಿ ಕಲೆ ಕೂತರೆ ಇನ್ನೂ ಎಷ್ಟೋ ಹೆಚ್ಚು. ವಾರಕ್ಕೊಮ್ಮೆ ನಿಂಬೆಹಣ್ಣಿನ ಹೋಳಿನಿಂದ ಉಜ್ಜಿ ತೊಳೆಯಿರಿ. ಒಂದು ಪೈಸೆ ಕರೆಂಟಿಲ್ಲದೆ ತಳಕ್ಕೆ ಬೆಳಕು ಹೆಚ್ಚುತ್ತದೆ.

ಹೆಜ್ಜೆ 3: ಗಿಡವನ್ನೇ ಮೇಲಕ್ಕೆ ಎತ್ತಿ

ಘಟ್ಟದ ಇಳಿಜಾರಿನಲ್ಲಿ ನಮ್ಮವರು ಮೆಟ್ಟಿಲು ಮೆಟ್ಟಿಲಾಗಿ ಗದ್ದೆ ಮಾಡಿದ್ದಾರೆ. ಟ್ಯಾಂಕಿನಲ್ಲೂ ಹಾಗೆ ಮಾಡಿ. ಮುಂದೆ 5 ಸೆಂ.ಮೀ. ಮಣ್ಣು, ಹಿಂದೆ 18-20 ಸೆಂ.ಮೀ. ಬೆಳಕು ಕೇಳುವ ಗಿಡ ಹಿಂದಿನ ಎತ್ತರದಲ್ಲಿ, ನೆರಳು ಒಪ್ಪುವ ಗಿಡ ಮುಂದಿನ ತಗ್ಗಿನಲ್ಲಿ. 60 ಸೆಂ.ಮೀ. ಆಳದ ಟ್ಯಾಂಕು ಆ ಗಿಡದ ಪಾಲಿಗೆ 40 ಸೆಂ.ಮೀ. ಆಗಿಬಿಡುತ್ತದೆ.

ಪೂರ್ತಿ ಮಣ್ಣು ತುಂಬುವುದು ದುಬಾರಿ. ಕೆಳಗೆ ಚಿರೆಕಲ್ಲಿನ ತುಂಡುಗಳನ್ನು ಜೋಡಿಸಿ ಅದರ ಮೇಲೆ ಮಣ್ಣು ಹಾಕಬಹುದು. ಚಿರೆಕಲ್ಲು ಮೊದಲು ಕೆಂಪು ನೀರು ಬಿಡುತ್ತದೆ. ನೀರು ತಿಳಿಯಾಗುವವರೆಗೆ ತೊಳೆದು, ನೆನೆಸಿ ಹಾಕಿ. ಗಾಜಿನ ಮೇಲೆ ನೇರವಾಗಿ ಇಡಬೇಡಿ, ಕೆಳಗೊಂದು ಥರ್ಮೋಕೋಲ್ ಹಾಳೆ ಇರಲಿ. ಅನುಬಿಯಾಸ್, ಜಾವಾ ಫರ್ನ್‌ಗಳನ್ನು ಮರದ ಕೊಂಬೆಗೆ ಕಟ್ಟಿ ಅರ್ಧ ಆಳದಲ್ಲಿ ನಿಲ್ಲಿಸಿ. ಆದರೆ ಅದರ ನೆರಳು ಯಾರ ಮೇಲೆ ಬೀಳುತ್ತದೆ ಎಂದೂ ನೋಡಿ.

ಬೀಚಿನ ಮರಳು ತಿಳಿಬಣ್ಣದ್ದು, ಬೆಳಕು ಮರಳಿಸುತ್ತದೆ ಎಂದು ತರಬೇಡಿ. ಅದರಲ್ಲಿ ಉಪ್ಪು, ಚಿಪ್ಪಿನ ಪುಡಿ ಇರುತ್ತದೆ. ಚಿಪ್ಪು ಕರಗುತ್ತಾ ನೀರನ್ನು ಗಡಸು ಮಾಡುತ್ತದೆ.

ಹೆಜ್ಜೆ 4: ಲೆಕ್ಕ ಹಾಕಿ

ಬಿಳಿ ಎಲ್‌ಇಡಿಗೆ, 6500 ಕೆಲ್ವಿನ್‌ನ ಆಸುಪಾಸಿನಲ್ಲಿ (ಬಿಳಿ ಬೆಳಕು ಎಷ್ಟು ಹಳದಿ, ಎಷ್ಟು ನೀಲಿ ಎಂದು ಹೇಳುವ ಅಳತೆ ಕೆಲ್ವಿನ್), 1 ಮೈಕ್ರೋಮೋಲ್ ಪಾರ್ ಅಂದರೆ ಸುಮಾರು 70 ಲಕ್ಸ್. ಒಂದು ಚದರ ಮೀಟರಿಗೆ ಒಂದು ಲುಮೆನ್ ಬಿದ್ದರೆ ಅದು ಒಂದು ಲಕ್ಸ್. ಇಷ್ಟು ಗೊತ್ತಿದ್ದರೆ ಸಾಕು.

ನನ್ನ ಟ್ಯಾಂಕಿನ ತಳ 120 × 45 ಸೆಂ.ಮೀ., ಅಂದರೆ 0.54 ಚದರ ಮೀಟರ್. ತಳದಲ್ಲಿ 40 ಮೈಕ್ರೋಮೋಲ್ ಬೇಕು. 40 × 70 = 2800 ಲಕ್ಸ್. ಅದನ್ನು 0.54ರಿಂದ ಗುಣಿಸಿದರೆ ತಳಕ್ಕೆ ಮುಟ್ಟಬೇಕಾದ ಲುಮೆನ್ ಸುಮಾರು 1500. ದೀಪ ನೀರಿಗೆ ಹತ್ತಿರವಿದ್ದು, ಗಾಜು ಶುಚಿಯಿದ್ದರೆ ದೀಪದ ಲುಮೆನ್‌ನಲ್ಲಿ ಮೂರನೇ ಒಂದು ಪಾಲು ತಳ ಮುಟ್ಟುತ್ತದೆ ಎಂದು ನಾನು ಹಿಡಿಯುತ್ತೇನೆ. ಗಿಡಗಳ ನೆರಳು, ಮುಚ್ಚಳದ ನಷ್ಟ ಎಲ್ಲ ಸೇರಿ ಇದು ಕೈಅಂದಾಜಿನ ಲೆಕ್ಕ, ಆದರೆ ಕೆಲಸಕ್ಕೆ ಬರುವಂಥದ್ದು. ಹಾಗಾದರೆ ದೀಪದಿಂದ 4500 ಲುಮೆನ್ ಹೊರಡಬೇಕು. ವಾಟಿಗೆ 100 ಲುಮೆನ್ ಕೊಡುವ ಎಲ್‌ಇಡಿಯಾದರೆ 45 ವಾಟ್.

ತಳದಲ್ಲಿ 30 ಸಾಕೆಂದರೆ ಇದೇ ಲೆಕ್ಕಕ್ಕೆ 34 ವಾಟ್. 60 ಬೇಕೆಂದರೆ 68 ವಾಟ್. ಟ್ಯಾಂಕು ಎರಡೂವರೆ ಅಡಿ ಆಳವಿದ್ದರೆ ಮೂರನೇ ಒಂದರ ಬದಲು ನಾಲ್ಕನೇ ಒಂದು ಪಾಲು ಎಂದು ಹಿಡಿಯಿರಿ. ಲೀಟರಿಗೆ ಇಷ್ಟು ವಾಟ್ ಎಂಬ ಹಳೆಯ ಸೂತ್ರ ಟ್ಯೂಬ್‌ಲೈಟ್ ಕಾಲದ್ದು, ಅದನ್ನು ಬಿಟ್ಟುಬಿಡಿ.

ಹಳೆಯ ಪದ್ಧತಿಗೆ ಹೋಲಿಸಿ ನೋಡಿ. ಮೊದಲೆಲ್ಲ ಇಂಥ ಟ್ಯಾಂಕಿಗೆ ನಾಲ್ಕು 36 ವಾಟಿನ ಟ್ಯೂಬ್ ಹಾಕುತ್ತಿದ್ದರು. ಚೋಕ್ ತಿನ್ನುವುದೂ ಸೇರಿ ಹತ್ತಿರ ಹತ್ತಿರ 190 ವಾಟ್. ಟ್ಯೂಬು ಸುತ್ತಲೂ ಬೆಳಕು ಬೀರುತ್ತದೆ, ಮೇಲಕ್ಕೆ ಹೋದ ಅರ್ಧ ಬೆಳಕು ರಿಫ್ಲೆಕ್ಟರಿಗೆ ಬಡಿದು ಬರಬೇಕು. ಎಲ್‌ಇಡಿ ಕೆಳಕ್ಕೇ ಬೀರುತ್ತದೆ. ಉಳಿತಾಯದ ದೊಡ್ಡ ಪಾಲು ಇಲ್ಲಿಂದಲೇ ಬರುತ್ತದೆ.

ಹೆಜ್ಜೆ 5: ದೀಪ ಆರಿಸುವುದು

ಅಕ್ವೇರಿಯಂ ಹೆಸರಿನಲ್ಲೇ ಮಾರುವ ದೀಪ ಬೇಕೇ ಬೇಕು ಎಂದೇನಿಲ್ಲ. ನಾಲ್ಕಡಿ ಟ್ಯಾಂಕಿಗೆ ಎಲೆಕ್ಟ್ರಿಕಲ್ ಅಂಗಡಿಯ ನಾಲ್ಕಡಿ ಎಲ್‌ಇಡಿ ಬ್ಯಾಟನ್ (ಉದ್ದ ಪಟ್ಟಿಯ ದೀಪ) ಸರಿಯಾಗಿ ಕೂರುತ್ತದೆ. 22 ವಾಟಿನವು ಎರಡು ತಂದರೆ 44 ವಾಟ್. ಸಿಒ2 ಇಲ್ಲದ ಟ್ಯಾಂಕಿಗೆ 18 ವಾಟಿನವು ಎರಡು. ಬೆಲೆಯ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಡಬ್ಬ ತಿರುಗಿಸಿ ಓದಿ. ಮೊದಲು ಲುಮೆನ್ ನೋಡಿ, ಅದನ್ನು ವಾಟಿನಿಂದ ಭಾಗಿಸಿ. 100ಕ್ಕಿಂತ ಕಡಿಮೆ ಬಂದರೆ ಕೆಳಗಿಡಿ. 110, 120 ಬಂದರೆ ಒಳ್ಳೆಯದು. ಬಿಇಇಯ (ಕರೆಂಟ್ ಉಳಿತಾಯಕ್ಕೆ ಅಂಕ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ) ನಕ್ಷತ್ರದ ಗುರುತಿದ್ದರೆ ಅದೂ ಇದೇ ಲೆಕ್ಕದ ಮೇಲೆ ಕೊಟ್ಟದ್ದು, ನಕ್ಷತ್ರ ಹೆಚ್ಚಿದ್ದಷ್ಟೂ ವಾಟಿಗೆ ಬೆಳಕು ಹೆಚ್ಚು. "300 ವಾಟಿಗೆ ಸಮ" ಎಂದು ದಪ್ಪಕ್ಷರದಲ್ಲಿ ಬರೆದದ್ದನ್ನು ನಂಬಬೇಡಿ. ನಿಜವಾಗಿ ಎಳೆಯುವ ವಾಟ್ ಎಲ್ಲೋ ಸಣ್ಣಕ್ಷರದಲ್ಲಿರುತ್ತದೆ. ಲುಮೆನ್ ಬರೆಯದೇ ಬರೀ ವಾಟ್ ಬರೆದ ದೀಪ ಎಷ್ಟೇ ಅಗ್ಗವಿದ್ದರೂ ಬೇಡ.

ಬಣ್ಣದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 6500 ಕೆಲ್ವಿನ್ ಬಿಳಿ ಬೆಳಕು, ಸಿಆರ್‌ಐ (ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಎಂಬ ಅಂಕ) 80ರ ಮೇಲೆ, ಇಷ್ಟಿದ್ದರೆ ಗಿಡ ಬೆಳೆಯುತ್ತದೆ. ಗಿಡ ಕೆಂಪು, ನೀಲಿಯನ್ನು ಹೆಚ್ಚು ಹೀರುವುದು ಹೌದು, ಆದರೆ ಹಸಿರನ್ನೂ ಬಳಸಿಕೊಳ್ಳುತ್ತದೆ. ಗುಲಾಬಿ ಬಣ್ಣದ ಗ್ರೋ ಲೈಟು ವಾಟಿಗೆ ಹೆಚ್ಚು ಪಾರ್ ಕೊಡಬಹುದು, ಆದರೆ ಅದರ ಕೆಳಗೆ ಮೀನೂ ಗಿಡವೂ ಸಹಜವಾಗಿ ಕಾಣುವುದಿಲ್ಲ. ನೋಡಿ ಸಂತೋಷಪಡಲು ತಾನೇ ಟ್ಯಾಂಕ್ ಇಟ್ಟದ್ದು? ಕೆಂಪು-ಹಸಿರು-ನೀಲಿ ಬೆರೆಸಿದ ದುಬಾರಿ ದೀಪಗಳಲ್ಲಿ ಕೆಂಪು ಗಿಡ ಬಲು ಚೆಂದ ಕಾಣುತ್ತದೆ. ಅದು ಕಣ್ಣಿಗೆ ಕೊಡುವ ದುಡ್ಡು, ಕರೆಂಟ್ ಉಳಿಸುವ ದುಡ್ಡಲ್ಲ.

ಮುಚ್ಚಳವಿಲ್ಲದೆ ತೆರೆದಿಟ್ಟ, ಮೇಲಿನಿಂದ ತೂಗುವ ದೀಪವೇ ಬೇಕೆನ್ನುವವರು 60 ಡಿಗ್ರಿ ಲೆನ್ಸ್ ಇರುವುದನ್ನು ಕೇಳಿ ತನ್ನಿ. ಒಂದು ದೊಡ್ಡದರ ಬದಲು ಸಣ್ಣವು ಮೂರು ತಂದು ಉದ್ದಕ್ಕೆ ಹಂಚಿ. ಒಂದೇ ದೀಪದ ನೆರಳು ಕಡು ನೆರಳು. ಮೂರಿದ್ದರೆ ಒಂದರ ನೆರಳನ್ನು ಇನ್ನೊಂದು ತುಂಬುತ್ತದೆ.

ಡಿಮ್ಮರ್ ಇರುವ ದೀಪ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ತನ್ನಿ. ಎಲ್‌ಇಡಿಯನ್ನು ಪೂರ್ತಿ ಶಕ್ತಿಯಲ್ಲಿ ಓಡಿಸುವುದಕ್ಕಿಂತ ಮುಕ್ಕಾಲು ಪಾಲಿನಲ್ಲಿ ಓಡಿಸಿದರೆ ಅದು ತಂಪಾಗಿರುತ್ತದೆ, ವಾಟಿಗೆ ಕೊಡುವ ಬೆಳಕೂ ತುಸು ಹೆಚ್ಚುತ್ತದೆ, ಬಾಳಿಕೆಯೂ ಹೆಚ್ಚು. 25,000 ಗಂಟೆ ಬಾಳುವ ದೀಪವನ್ನು ದಿನಕ್ಕೆ 7 ಗಂಟೆ ಉರಿಸಿದರೆ ಹತ್ತಿರ ಹತ್ತಿರ ಹತ್ತು ವರ್ಷ ಬರಬೇಕು. ಬರಬೇಕು ಎಂದೆ. ಕರಾವಳಿಯಲ್ಲಿ ಅದು ಬಾರದೇ ಹೋಗಲು ಬೇರೆ ಕಾರಣವಿದೆ.

ಉಪ್ಪು ಗಾಳಿಯ ಊರಲ್ಲಿ

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದ ಮನೆಗಳಲ್ಲಿ ಕಿಟಕಿಯ ಕಬ್ಬಿಣ ಎರಡೇ ವರ್ಷಕ್ಕೆ ತುಕ್ಕು ಹಿಡಿಯುವುದನ್ನು ನೋಡುತ್ತೇವೆ. ಅದೇ ಗಾಳಿ ದೀಪದೊಳಗೂ ಹೋಗುತ್ತದೆ. ಜೊತೆಗೆ ಕೆಳಗಿನಿಂದ ಟ್ಯಾಂಕಿನ ಆವಿ. ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಬರುತ್ತದೆ, ತಾಮ್ರದ ತುದಿಗೆ ಹಸಿರು ಕಿಲುಬು ಹಿಡಿಯುತ್ತದೆ. ಎಲ್‌ಇಡಿ ಚಿಪ್ ಚೆನ್ನಾಗಿದ್ದರೂ ಅದಕ್ಕೆ ಕರೆಂಟ್ ಹದಮಾಡಿ ಕೊಡುವ ಡ್ರೈವರ್ ಸಾಯುತ್ತದೆ.

ಹಾಗಾಗಿ ಐಪಿ65 ಎಂದು ಬರೆದ, ನೀರು-ಧೂಳು ಹೊಗದ ಬ್ಯಾಟನ್ ತನ್ನಿ. ಸಾಮಾನ್ಯದ್ದಕ್ಕಿಂತ ಬೆಲೆ ಹೆಚ್ಚು, ಆದರೆ ಇಲ್ಲಿ ಅದೇ ಅಗ್ಗ. ಡ್ರೈವರ್ ಬೇರೆಯಾಗಿ ಬರುವ ದೀಪವಾದರೆ ಅದನ್ನು ಟ್ಯಾಂಕಿನ ಮೇಲೆ ದೀಪ ಮುಚ್ಚುವ ಪೆಟ್ಟಿಗೆಯ, ಅಂದರೆ ಹುಡ್‌ನ, ಒಳಗೆ ಇಡಬೇಡಿ. ಟ್ಯಾಂಕಿನ ಪಕ್ಕಕ್ಕೆ, ಗಾಳಿ ಆಡುವ ಎತ್ತರದಲ್ಲಿ ಕಟ್ಟಿ. ಸುಟ್ಟರೆ ಡ್ರೈವರ್ ಒಂದನ್ನೇ ಬದಲಿಸುವಂತಿರಬೇಕು. ದೀಪದ ಮೈಯನ್ನು ವಾರಕ್ಕೊಮ್ಮೆ, ಸ್ವಿಚ್ ಆರಿಸಿ, ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ.

ವೈರು ದೀಪದಿಂದ ಪ್ಲಗ್ಗಿಗೆ ನೇರವಾಗಿ ಹೋಗಬಾರದು. ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಇಳಿದು ಮತ್ತೆ ಮೇಲೇರಬೇಕು. ವೈರಿನ ಮೇಲೆ ಜಾರಿ ಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಮತ್ತು ಸರಿಯಾದ ಅರ್ಥಿಂಗ್ ಇಲ್ಲದ ಲೈನಿಗೆ ಅಕ್ವೇರಿಯಂ ಜೋಡಿಸಬೇಡಿ. ಮನೆಯಲ್ಲಿ ಮಕ್ಕಳು ನೀರಿಗೆ ಕೈ ಹಾಕದೇ ಇರುವುದಿಲ್ಲ.

ಬೇಸಿಗೆಗೂ ಎಲ್‌ಇಡಿಯೇ ಸರಿ. ಏಪ್ರಿಲ್-ಮೇ ತಿಂಗಳಲ್ಲಿ ಕರಾವಳಿಯ ಟ್ಯಾಂಕಿನ ನೀರು 30 ಡಿಗ್ರಿ ದಾಟುವುದು ಸುಲಭ. ನೀರು ಬಿಸಿಯಾದಷ್ಟೂ ಆಮ್ಲಜನಕ ಹಿಡಿಯುವ ಶಕ್ತಿ ಕುಗ್ಗುತ್ತದೆ. 25 ಡಿಗ್ರಿಯಲ್ಲಿ ಲೀಟರಿಗೆ 8.2 ಮಿಲಿಗ್ರಾಂ ಇದ್ದದ್ದು 30ರಲ್ಲಿ 7.5ಕ್ಕೆ ಬರುತ್ತದೆ. 190 ವಾಟಿನ ಟ್ಯೂಬುಗಳನ್ನು ಮುಚ್ಚಿದ ಹುಡ್‌ನಲ್ಲಿ ಉರಿಸಿದರೆ ಆ ಶಾಖವೂ ನೀರಿಗೇ. ಆಮೇಲೆ ತಂಪು ಮಾಡಲು ಫ್ಯಾನು, ಅದಕ್ಕೆ ಮತ್ತೆ ಕರೆಂಟು.

ಹೆಜ್ಜೆ 6: ಕಟ್ಟುವ ಎತ್ತರ

120 ಡಿಗ್ರಿಯ ಪಟ್ಟಿಯೊಂದನ್ನು 45 ಸೆಂ.ಮೀ. ಅಗಲದ ಟ್ಯಾಂಕಿನ ನಡುವೆ ಕಟ್ಟಿದರೆ ನೀರಿನಿಂದ 13 ಸೆಂ.ಮೀ. ಮೀರಬಾರದು. ಮೀರಿದ್ದಷ್ಟೂ ಬೆಳಕು ಹೊರಗೆ ಚೆಲ್ಲುತ್ತದೆ. ಎರಡು ಬ್ಯಾಟನ್ ಇದ್ದರೆ ಒಂದನ್ನು ಮುಂದಿನ ಗಾಜಿನಿಂದ 15 ಸೆಂ.ಮೀ. ಒಳಗೆ, ಇನ್ನೊಂದನ್ನು ಹಿಂದಿನ ಗಾಜಿನಿಂದ 15 ಸೆಂ.ಮೀ. ಒಳಗೆ ಇಟ್ಟು, ನೀರಿನಿಂದ 8 ಸೆಂ.ಮೀ. ಮೇಲೆ ಕಟ್ಟಿ. ಹುಡ್‌ನ ಒಳಮೈಗೆ ಬಿಳಿ ಬಣ್ಣ ಬಳಿಯಿರಿ. ಹೊಳೆಯುವ ಫಾಯಿಲ್ ಸುಕ್ಕುಗಟ್ಟುತ್ತದೆ, ಮೇಲಾಗಿ ಅದು ಕರೆಂಟ್ ಹರಿಸುವ ವಸ್ತು. ಹುಡ್‌ನ ಹಿಂದೆ ಎರಡು ಬೆರಳಿನ ಅಗಲ ಗಾಳಿಗೆ ಜಾಗ ಬಿಡಿ.

ಬಿಸಿಲು ಬಳಸಬಹುದೇ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹೆಂಚಿನ ಮನೆಗಳಲ್ಲಿ ಬೆಳಕಿಗೆಂದು ನಡುವೆ ಗಾಜಿನ ಹೆಂಚು ಹಾಕಿರುತ್ತಾರೆ. ಅದರ ಕೆಳಗೆ ಟ್ಯಾಂಕ್ ಇಟ್ಟರೆ ಕರೆಂಟೇ ಬೇಡವಲ್ಲ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ತೊಂದರೆ ಏನೆಂದರೆ ಮಾರ್ಚಿನಲ್ಲಿ ಆ ಹೆಂಚಿನಿಂದ ನೇರ ಬಿಸಿಲಿನ ಕೋಲು ಇಳಿಯುತ್ತದೆ, ಜುಲೈನಲ್ಲಿ ದಿನವಿಡೀ ಮಬ್ಬು. ಒಂದು ಕಾಲದಲ್ಲಿ ಪಾಚಿ, ಇನ್ನೊಂದು ಕಾಲದಲ್ಲಿ ಹಸಿವು. ಗಿಡ ಏರಿಳಿತ ಸಹಿಸುವುದಿಲ್ಲ, ಪಾಚಿ ಸಹಿಸುತ್ತದೆ.

ಆದರೂ ಪೂರ್ತಿ ಬಿಡಬೇಕಿಲ್ಲ. ನೇರ ಬಿಸಿಲು ಬೀಳದ, ಆದರೆ ಬೆಳಗ್ಗೆ ಪುಸ್ತಕ ಓದುವಷ್ಟು ಬೆಳಕಿರುವ ಜಾಗ ಒಳ್ಳೆಯದು. ಬೆಳಕಿಂಡಿಯ ಎದುರಿನ ಗೋಡೆ, ಜಗಲಿಯ ಒಳಬದಿ. ಅಂಥ ಕಡೆ ದೀಪವನ್ನು 6 ಗಂಟೆ ಉರಿಸಿದರೂ ಸಾಕಾಗುತ್ತದೆ.

ಹೆಜ್ಜೆ 7: ಗಂಟೆ ಮತ್ತು ಟೈಮರ್

ಹೊಸ ಟ್ಯಾಂಕಿಗೆ ಮೊದಲ ತಿಂಗಳು ದಿನಕ್ಕೆ 6 ಗಂಟೆ. ಗಿಡ ಬೇರು ಬಿಟ್ಟು ಹೊಸ ಎಲೆ ಹಾಕಿದ ಮೇಲೆ 7, ಬೇಕಾದರೆ 8. ಅದಕ್ಕಿಂತ ಜಾಸ್ತಿ ಬೇಡ. ಮಧ್ಯಾಹ್ನ ಮನೆಯಲ್ಲಿ ನೋಡುವವರೇ ಇಲ್ಲದಿದ್ದರೆ ದೀಪವನ್ನು 3ರಿಂದ ರಾತ್ರಿ 10ರವರೆಗೆ ಇಟ್ಟುಕೊಳ್ಳಿ. ಗಿಡಕ್ಕೆ ಯಾವ ಹೊತ್ತು ಎಂಬುದು ಮುಖ್ಯವಲ್ಲ, ದಿನವೂ ಅದೇ ಹೊತ್ತು ಎಂಬುದು ಮುಖ್ಯ.

ಅದಕ್ಕೆ ಟೈಮರ್ ಬೇಕು. ತಿರುಗುವ ಚಕ್ರದ ಟೈಮರ್ ಅಗ್ಗ, ಆದರೆ ಕರೆಂಟ್ ಹೋದಷ್ಟು ಹೊತ್ತು ಅದೂ ನಿಲ್ಲುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವ ನಮ್ಮ ಜಿಲ್ಲೆಯಲ್ಲಿ ವಾರದೊಳಗೆ ಅದರ ಗಡಿಯಾರ ಎಲ್ಲೋ ಇರುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತನ್ನಿ.

ಇನ್ವರ್ಟರ್ ಇದ್ದರೆ ಅದಕ್ಕೆ ಫಿಲ್ಟರ್ ಅಥವಾ ಗಾಳಿಯ ಪಂಪ್ ಜೋಡಿಸಿ, ದೀಪವನ್ನಲ್ಲ. ಗಿಡಗಳು ಎರಡು-ಮೂರು ದಿನ ಕತ್ತಲಲ್ಲಿದ್ದರೂ ಬದುಕುತ್ತವೆ. ಮೀನಿಗೆ ಗಾಳಿ ಇಲ್ಲದೆ ಆಗುವುದಿಲ್ಲ. ಕರೆಂಟ್ ಬಂದ ಮೇಲೆ ಬಾಕಿ ತೀರಿಸುವವರ ಹಾಗೆ ಹನ್ನೆರಡು ಗಂಟೆ ದೀಪ ಉರಿಸಬೇಡಿ, ಮಾಮೂಲಿ ಹೊತ್ತಿಗೇ ಮರಳಿ. ಸಿಒ2 ಇದ್ದರೆ ಅದರ ಸೋಲೆನಾಯ್ಡ್ (ಅನಿಲವನ್ನು ಕರೆಂಟಿನಿಂದ ತೆರೆದು ಮುಚ್ಚುವ ಕವಾಟ) ಕೂಡ ದೀಪದ ಜೊತೆಗೇ ಆರುವಂತಿರಲಿ.

ಹೆಜ್ಜೆ 8: ಅಳೆದು ನೋಡಿ, ಬಿಲ್ ನೋಡಿ

ಪಾರ್ ಮೀಟರ್ ದುಬಾರಿ. ಅಗ್ಗದ ಲಕ್ಸ್ ಮೀಟರ್ ಒಂದನ್ನು ಗೆಳೆಯರೆಲ್ಲ ಸೇರಿ ಕೊಳ್ಳಬಹುದು. ಫೋನಿನ ಆ್ಯಪ್ ಕೂಡ ಅಂದಾಜಿಗೆ ಆಗುತ್ತದೆ. ನೀರು ತುಂಬುವ ಮೊದಲು ದೀಪ ಕಟ್ಟಿ, ತಳದಲ್ಲಿ ಒಂಬತ್ತು ಕಡೆ ಇಟ್ಟು ಓದಿ, 70ರಿಂದ ಭಾಗಿಸಿ. ನೀರು ತುಂಬಿದಾಗ ಗಾಜು ಬೆಳಕನ್ನು ಒಳಕ್ಕೆ ಮರಳಿಸುವುದರಿಂದ, ಖಾಲಿ ಟ್ಯಾಂಕಿನ ಅಂಕಿ ತುಸು ಕಡಿಮೆಯೇ ಇರುತ್ತದೆ. ಮೂಲೆಗಳಲ್ಲಿ ನಡುವಿನ ಅರ್ಧಕ್ಕಿಂತ ಕಡಿಮೆ ಬಂದರೆ ದೀಪಗಳನ್ನು ಸರಿಸಿ, ಅಥವಾ ಆ ಮೂಲೆಗೆ ಅನುಬಿಯಾಸ್ ಹಾಕಿ.

ದೀಪ ನಿಜವಾಗಿ ಎಷ್ಟು ವಾಟ್ ಎಳೆಯುತ್ತದೆ ಎಂದು ತಿಳಿಯಲು ಮನೆಯ ಮೀಟರೇ ಸಾಕು. ಮೀಟರಿನ ಮೇಲೆ ಮಿನುಗುವ ಸಣ್ಣ ಕೆಂಪು ದೀಪ ಇರುತ್ತದೆ, ಪಕ್ಕದಲ್ಲಿ ಒಂದು ಯುನಿಟ್ಟಿಗೆ ಎಷ್ಟು ಮಿನುಗು ಎಂದೂ ಬರೆದಿರುತ್ತದೆ. 3200 ಎಂದಿದ್ದರೆ ಹೀಗೆ ಮಾಡಿ: ಮನೆಯ ಉಳಿದದ್ದೆಲ್ಲ ಆರಿಸಿ, ಅಕ್ವೇರಿಯಂ ದೀಪ ಮಾತ್ರ ಉರಿಸಿ, 5 ನಿಮಿಷ ಎಣಿಸಿ. 12 ಮಿನುಗು ಬಂದರೆ 45 ವಾಟ್. 24 ಬಂದರೆ 90 ವಾಟ್, ಡಬ್ಬದ ಮೇಲೆ ಏನೇ ಬರೆದಿರಲಿ.

44 ವಾಟ್ ದಿನಕ್ಕೆ 7 ಗಂಟೆಯಂತೆ ತಿಂಗಳಿಗೆ ಸುಮಾರು 9 ಯುನಿಟ್. ಹಳೆಯ ನಾಲ್ಕು ಟ್ಯೂಬು 10 ಗಂಟೆ ಉರಿದರೆ 57 ಯುನಿಟ್. ಗೃಹಜ್ಯೋತಿ ಬಂದ ಮೇಲೆ ಈ ವ್ಯತ್ಯಾಸಕ್ಕೆ ಇನ್ನೂ ತೂಕ ಬಂದಿದೆ. ನಡುಮಟ್ಟದ ಬಳಕೆಯ ಮನೆಗಳಿಗೆ 2022-23ರ ಸರಾಸರಿಗೆ ನೂರಕ್ಕೆ ಹತ್ತು ಸೇರಿಸಿ ಉಚಿತದ ಮಿತಿ ಹಾಕಿದ್ದಾರೆ. ಮಿತಿ ದಾಟಿದ್ದಕ್ಕೆ ದುಡ್ಡು ಕಟ್ಟಬೇಕು, 200 ಯುನಿಟ್ ದಾಟಿದರೆ ಪೂರ್ತಿ ಬಿಲ್ಲೇ ಕಟ್ಟಬೇಕು. ಸರಾಸರಿ 130 ಇದ್ದ ಮನೆಯ ಮಿತಿ 143. ಎಲ್‌ಇಡಿ ಸೇರಿದರೆ 139, ಒಳಗೇ ಉಳಿಯುತ್ತದೆ. ಹಳೆಯ ಟ್ಯೂಬು ಸೇರಿದರೆ 187. ಮೇ ತಿಂಗಳಲ್ಲಿ ಫ್ಯಾನು ಜಾಸ್ತಿ ತಿರುಗಿದರೆ 200 ದಾಟುವುದು ಕಷ್ಟವೇನಲ್ಲ.

ಒಂದು ವಿಷಯ ಗಮನಿಸಿ. 15 ವಾಟಿನ ಫಿಲ್ಟರ್ ಹಗಲೂ ರಾತ್ರಿ ಓಡುವುದರಿಂದ ತಿಂಗಳಿಗೆ 10.8 ಯುನಿಟ್ ತಿನ್ನುತ್ತದೆ. ಅಂದರೆ ಒಳ್ಳೆಯ ದೀಪ ಹಾಕಿದ ಮೇಲೆ ಫಿಲ್ಟರ್ರೇ ದೊಡ್ಡ ಖರ್ಚು. ಮುಂದಿನ ಉಳಿತಾಯ ಹುಡುಕುವವರು ಅಲ್ಲಿ ನೋಡಬೇಕು.

ಹೆಜ್ಜೆ 9: ಮೊದಲ ಎರಡು ತಿಂಗಳು ಗಿಡ ನೋಡಿ ತಿದ್ದಿ

ಕಾಂಡ ಉದ್ದಕ್ಕೆ ಎಳೆದುಕೊಂಡು ಎಲೆಗಳ ನಡುವೆ ಅಂತರ ಹೆಚ್ಚಾದರೆ, ಕೆಳಗಿನ ಎಲೆ ಉದುರಿದರೆ ಬೆಳಕು ಸಾಲದು. ಆಗ ಮೊದಲು ದೀಪ ಬದಲಿಸಬೇಡಿ. ಮುಚ್ಚಳ ತೊಳೆಯಿರಿ, ಗಾಜು ಉಜ್ಜಿ, ಮೇಲೆ ತೇಲುವ ಗಿಡ ತೆಗೆಯಿರಿ, ಹಿಂದಿನ ಎತ್ತರದ ಗಿಡ ಕತ್ತರಿಸಿ. ಎರಡು ವಾರ ಕಾಯಿರಿ. ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಗಾಜಿನ ಮೇಲೆ ಹಸಿರು ಚುಕ್ಕೆ, ಎಲೆಯ ಅಂಚಿಗೆ ಕೂದಲಿನಂಥ ಪಾಚಿ ಬಂದರೆ ಬೆಳಕು ಹೆಚ್ಚಾಯಿತು, ಅಥವಾ ಗಿಡಕ್ಕೆ ಗೊಬ್ಬರ-ಸಿಒ2 ಸಾಲದೆ ಬೆಳಕು ಮಿಕ್ಕಿತು. ದಿನದ ಹೊತ್ತನ್ನು ಒಂದು ಗಂಟೆ ಕಡಿಮೆ ಮಾಡಿ. ಡಿಮ್ಮರ್ ಇದ್ದರೆ ಒಂದು ಮೆಟ್ಟಿಲು ಇಳಿಸಿ. ಎರಡನ್ನೂ ಒಟ್ಟಿಗೆ ಮಾಡಬೇಡಿ, ಯಾವುದು ಕೆಲಸ ಮಾಡಿತು ಎಂದು ತಿಳಿಯುವುದಿಲ್ಲ. ಕ್ರಿಪ್ಟೋಕೊರೈನ್ ಹೊಸ ನೀರಿಗೆ ಬಂದಾಗ ಎಲೆಯೆಲ್ಲ ಕರಗಿ ಹೋಗುವುದುಂಟು. ಅದು ಬೆಳಕಿನ ತಪ್ಪಲ್ಲ. ಬುಡ ಗಟ್ಟಿಯಿದ್ದರೆ ಕೀಳದೆ ಬಿಡಿ, ಮೂರು-ನಾಲ್ಕು ವಾರದಲ್ಲಿ ಚಿಗುರುತ್ತದೆ.

ಪ್ರತಿ ಬದಲಾವಣೆಯನ್ನೂ ಕ್ಯಾಲೆಂಡರಿನಲ್ಲಿ ಬರೆದಿಡಿ: ಯಾವ ದಿನ ಎಷ್ಟು ಗಂಟೆ, ಯಾವಾಗ ಗಾಜು ಉಜ್ಜಿದ್ದು, ಮೀಟರ್ ಓದು ಎಷ್ಟು. ಮಳೆ ಹಿಡಿದು ಮನೆಯೊಳಗಿನ ಹಗಲಿನ ಬೆಳಕು ಕುಗ್ಗಿದಾಗ ಅರ್ಧ ಗಂಟೆ ಸೇರಿಸಿ. ದೀಪಾವಳಿಯ ಹೊತ್ತಿಗೆ ಆಕಾಶ ತಿಳಿಯಾದ ಮೇಲೆ ಆ ಅರ್ಧ ಗಂಟೆಯನ್ನು ತೆಗೆಯಲು ಮರೆಯಬೇಡಿ.